ಪದದ ಮೂಲ ಹುಡುಕೋದು ಹೇಗೆ: ಜಾವಾದ ಕಾಡುಹಂದಿ ಗೋಲಕ

ಪಿಗ್ಗಿ ಬ್ಯಾಂಕ್‌ಗೆ ಹಂದಿ ಹೆಸರು ಯಾಕೆ ಅಂತ ಸರ್ಚ್ ಮಾಡಿದ್ರೆ ಎಲ್ಲಾ ಕಡೆ ಒಂದೇ ಕಥೆ ಸಿಗತ್ತೆ, ಇಂಗ್ಲೆಂಡಲ್ಲಿ ಹಿಂದೆ ಪಿಗ್ ಅನ್ನೋ ಜೇಡಿಮಣ್ಣಿತ್ತಂತೆ, ಆ ಮಣ್ಣಿನ ಕುಡಿಕೇಲಿ ಜನ ಕಾಸು ಹಾಕಿಡ್ತಿದ್ರಂತೆ, ಕುಂಬಾರ ತಪ್ಪು ತಿಳ್ಕೊಂಡು ಹಂದಿನೇ ಮಾಡ್ಕೊಟ್ನಂತೆ. ಇದಕ್ಕೆ ಗಟ್ಟಿ ಪುರಾವೆ ಇಲ್ಲ. ಅದಕ್ಕೇ ಇಂಥ ಪದದ ಬೆನ್ನು ಹತ್ತೋವಾಗ ಕಥೆ ಆಮೇಲೆ ನೋಡಿ, ಮೊದ್ಲು ವಸ್ತು ಎಲ್ಲಿ ಸಿಕ್ಕಿದೆ ಅಂತ ನೋಡಿ.

ವಸ್ತು ಹುಡುಕ್ತಾ ಹೋದ್ರೆ ಇಂಡೋನೇಷ್ಯಾದ ಪೂರ್ವ ಜಾವಾಕ್ಕೆ ಹೋಗಿ ನಿಲ್ತೀರಿ. ಅಲ್ಲಿ ತ್ರೊವುಲಾನ್ ಅಂತ ಊರಿದೆ, ಮಜಾಪಹಿತ್ ಸಾಮ್ರಾಜ್ಯದ ರಾಜಧಾನಿ ಇದ್ದ ಜಾಗ. ನೆಲ ಅಗೆದಾಗ 14-15ನೇ ಶತಮಾನದ ಸುಟ್ಟ ಮಣ್ಣಿನ ಹಂದಿಗಳು ಸಿಕ್ಕಿವೆ, ಗುಂಡು ಹೊಟ್ಟೆ, ಬೆನ್ನ ಮೇಲೆ ಕಾಸು ತೂರಿಸೋಕೆ ಸೀಳು. ಆ ಕಾಲಕ್ಕೆ ಅಲ್ಲಿ ಓಡ್ತಿದ್ದಿದ್ದು ಮಧ್ಯೆ ಚೌಕದ ತೂತಿರೋ ಚೀನಾದ ತಾಮ್ರದ ಕಾಸು. ದುಡ್ಡು ಬೇಕು ಅಂದ್ರೆ ಹಂದಿ ಒಡೀಲೇಬೇಕು, ಹಾಗಾಗಿ ಸಿಕ್ಕಿರೋದ್ರಲ್ಲಿ ಹೆಚ್ಚಿನವು ಬರೀ ಚೂರು, ಚೂರುಗಳನ್ನ ಜೋಡಿಸಿ ಮಾಡಿದ ಒಂದು ದೊಡ್ಡ ಹಂದಿ ಜಕಾರ್ತಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಆಮೇಲೆ ಪದ ಬಿಡಿಸಿ. ಈ ಗೋಲಕಕ್ಕೆ ಅಲ್ಲಿ ಚೆಲೆಂಗನ್ ಅಂತಾರೆ. ಚೆಲೆಂಗ್ ಅಂದ್ರೆ ಕಾಡುಹಂದಿ, ಸಾಕಿದ ಹಂದಿಗೆ ಬೇರೆ ಪದ ಇದೆ, ಬಾಬಿ ಅಂತ. ಕೊನೇಲಿ ಬರೋ 'ಅನ್' ಪ್ರತ್ಯಯ. ಮಕಾನ್ ಅಂದ್ರೆ ತಿನ್ನು, ಮಕಾನನ್ ಅಂದ್ರೆ ತಿಂಡಿ, ಊಟ, ಹೀಗೆ ಅದೇ ಪ್ರತ್ಯಯ ಬೇರೆ ಎಲ್ಲೆಲ್ಲಿ ಬರತ್ತೆ ಅಂತ ಎರಡ್ಮೂರು ಪದ ಹಿಡ್ಕೊಂಡು ನೋಡಿದ್ರೆ ನೀವು ಬಿಡಿಸಿದ್ದು ಸರಿನಾ ತಪ್ಪಾ ಗೊತ್ತಾಗತ್ತೆ. ನನಗೆ ತುಂಬಾ ಇಷ್ಟ ಆಗಿದ್ದು ಕ್ರಿಯಾಪದ. ಜಾವಾ ಭಾಷೇಲಿ ಮೊದಲಿನ 'ಚ' ಹೋಗಿ 'ನ್ಯ' ಬರತ್ತೆ, ಚುಚಿ ಅಂದ್ರೆ ಒಗೆಯೋದು, ಅದು ನ್ಯುಚಿ ಆಗತ್ತೆ, ಹಾಗೇ ಚೆಲೆಂಗ್‌ನಿಂದ ನ್ಯೆಲೆಂಗಿ, ಅಂದ್ರೆ ದುಡ್ಡು ಕೂಡಿಡೋದು. ಕಾಡುಹಂದಿ ನೇರ ಉಳಿತಾಯದ ಕ್ರಿಯಾಪದಾನೇ ಆಗೋಯ್ತು ನೋಡಿ!

ಇನ್ನೊಂದು ಪರೀಕ್ಷೆ ಮಾಡಿ, ಆಕಾರ ಬದಲಾದ ಮೇಲೂ ಪದ ಉಳೀತಾ ಅಂತ. ಜಾವಾದ ಸಂತೇಲಿ ಈಗ ಮಣ್ಣಿನ ಕೋಳಿ ಗೋಲಕ ಸಿಗತ್ತೆ, ಅದಕ್ಕೂ ಚೆಲೆಂಗನ್ ಅಯಾಮ್ ಅಂತಾನೇ ಹೆಸರು, ಅಯಾಮ್ ಅಂದ್ರೆ ಕೋಳಿ. ಹೇಳೋರ ಮನಸ್ಸಲ್ಲಿ ಹಂದಿ ಇರಲ್ಲ, ಗೋಲಕ ಅಷ್ಟೇ. ಇಷ್ಟು ಸವೆದಿರೋ ಪದ ಹಳೇದೇ ಇರ್ಬೇಕು ಅನ್ಸತ್ತೆ.

ಒಂದು ಎಚ್ಚರಿಕೆ. ಜರ್ಮನಿಯ ಬಿಲ್ಲೆಬೆನ್‌ನಲ್ಲಿ 13ನೇ ಶತಮಾನದ ಹಂದಿ ಗೋಲಕ ಸಿಕ್ಕಿದೆ, ಹಾಗಾಗಿ ಜಾವಾದಿಂದಲೇ ಯುರೋಪಿಗೆ ಹೋಯ್ತು ಅಂತ ಗೆರೆ ಎಳೀಬೇಡಿ. ಎರಡೂ ಕಡೆ ತಾವಾಗೇ ಹುಟ್ಟಿರಬಹುದು.

ಬಳಸೋವಾಗ ಇಷ್ಟು ನೆನಪಿರಲಿ, ಬ್ಯಾಂಕಿನ ಸೇವಿಂಗ್ಸ್‌ಗೆ ಇಂಡೋನೇಷ್ಯಾದಲ್ಲಿ ಚೆಲೆಂಗನ್ ಅನ್ನಲ್ಲ, ತಬುಂಗನ್ ಅಂತಾರೆ. ತಬುಂಗ್ ಅಂದ್ರೆ ಬಿದಿರಿನ ಕೊಳವೆ ಥರದ್ದು, ಅದಕ್ಕೂ ಅದೇ 'ಅನ್' ಸೇರಿದೆ. ಪಾಸ್‌ಬುಕ್ ಬೇಕಿದ್ರೆ ಬುಕು ತಬುಂಗನ್ ಅಂತ ಕೇಳಿ.