ಲೈಟ್ ಫೀಲ್ಡ್ ಕ್ವಾಲಿಟಿ: ಪಿಎಸ್‌ಎನ್‌ಆರ್ ಸರಾಸರಿ ನಂಬದೆ ನಾನು ಮಾಡಿದ್ದು

ಲೈಟ್ ಫೀಲ್ಡ್ ಫೋಟೋ ಅಂದ್ರೆ ಒಂದೇ ದೃಶ್ಯವನ್ನ ಸ್ವಲ್ಪ ಸ್ವಲ್ಪ ಸರಿದ ಹಲವಾರು ಕೋನಗಳಿಂದ ಒಟ್ಟಿಗೆ ಹಿಡಿಯೋದು, ಒಂದೊಂದು ಕೋನದ ಚಿತ್ರ ಒಂದೊಂದು ವ್ಯೂ. ಇದನ್ನ ಕಂಪ್ರೆಸ್ ಮಾಡಿ, ಅಂದ್ರೆ ಹಿಂಡಿ ಚಿಕ್ಕ ಫೈಲ್ ಮಾಡಿದ್ರೆ ಎಷ್ಟು ಕೆಡುತ್ತೆ ಅಂತ ಹಾಸನದಲ್ಲಿ ಕೂತ್ಕೊಂಡು ಟೆಸ್ಟ್ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಒಂದೇ ರಾಗ, ಎಲ್ಲಾ ವ್ಯೂಗಳ ಪಿಎಸ್‌ಎನ್‌ಆರ್ (ಮೂಲ ಚಿತ್ರಕ್ಕೂ ಹಿಂಡಿದ ಚಿತ್ರಕ್ಕೂ ಪಿಕ್ಸೆಲ್ ಪಿಕ್ಸೆಲ್ ಎಷ್ಟು ವ್ಯತ್ಯಾಸ ಅಂತ ಹೇಳೋ ಅಂಕಿ) ಸರಾಸರಿ ತೆಗಿ ಸಾಕು, ಜನ ಕೂರ್ಸಿ ಮಾರ್ಕ್ಸ್ ಹಾಕ್ಸೋದು ದುಡ್ಡು ದಂಡ ಅಂತ. ಈಗ ರಿಸಲ್ಟ್ ಬಂತು, ಅದಕ್ಕೇ ಬರೀತಿದೀನಿ.

ದುಡ್ಡೇನೋ ಹೋಯ್ತು. ಲೈಟ್ ಫೀಲ್ಡ್ ಕ್ಯಾಮೆರಾ ಮಾಡ್ತಿದ್ದ ಲೈಟ್ರೋ ಕಂಪನಿ 2018ರಲ್ಲೇ ಮುಚ್ಚಿದ್ರಿಂದ ಅವರ ಇಲ್ಯೂಮ್ ಕ್ಯಾಮೆರಾ ಸೆಕೆಂಡ್ ಹ್ಯಾಂಡೇ ಗತಿ, 35 ಸಾವಿರದ ಹತ್ರ, ಮಾನಿಟರ್‌ಗೆ ಇನ್ನೊಂದು 20. ಚಿತ್ರದ ಗುಣಮಟ್ಟಕ್ಕೆ ಜನರಿಂದ ಮಾರ್ಕ್ಸ್ ಹಾಕ್ಸೋ ಅಂತಾರಾಷ್ಟ್ರೀಯ ಮಾನದಂಡ ಬಿಟಿ.500 ಪ್ರಕಾರ ಕನಿಷ್ಠ 15 ಜನ ಬೇಕಲ್ಲ, ತಲೆಗೆ 150 ರೂಪಾಯಿ ಜೊತೆಗೆ ದೋಸೆ ಕಾಫಿ.

ಹಳೇಬೀಡಿನ ಹೊರಗೋಡೆ ಶಿಲ್ಪಗಳನ್ನ ತೆಗ್ದೆ, ಟ್ರೈಪಾಡ್ ಬೇಡ, ಒಂದೇ ಕ್ಲಿಕ್. ಅಲ್ಲಿ ಸರ, ಕೈಬಳೆ ಎಲ್ಲಾ ಕಲ್ಲಿಂದ ಬಿಡಿಸ್ಕೊಂಡು ಮುಂದೆ ಬಂದಿರುತ್ತೆ, ಪ್ಯಾರಲ್ಯಾಕ್ಸ್‌ಗೆ (ಕೋನ ಬದಲಾದಾಗ ಹತ್ತಿರದ್ದು ದೂರದ್ದಕ್ಕಿಂತ ಹೆಚ್ಚು ಸರಿದಂಗೆ ಕಾಣೋದಕ್ಕೆ) ಇದಕ್ಕಿಂತ ಒಳ್ಳೆ ಸಬ್ಜೆಕ್ಟ್ ನಂಗೆ ಸಿಕ್ಕಿಲ್ಲ. 15×15 ವ್ಯೂ ಬಂದ್ರೂ ಮೂಲೆಯವು ಕಪ್ಪು, 13×13 ಇಟ್ಕೊಂಡೆ.

ಮೊದ್ಲು ನಡುವಿನ ವ್ಯೂ ಮಾತ್ರ ಪಕ್ಕಪಕ್ಕ ತೋರ್ಸಿದ್ವಿ. ಕ್ಯುಪಿ (ಎಷ್ಟು ಹಿಂಡ್ಬೇಕು ಅನ್ನೋ ಸೆಟ್ಟಿಂಗ್, ಜಾಸ್ತಿ ಆದಷ್ಟು ಚಿತ್ರ ಕೆಡುತ್ತೆ) 27ಕ್ಕೂ 32ಕ್ಕೂ "ಎರಡೂ ಚೆನ್ನಾಗಿದೆ ಸಾರ್" ಅಂದ್ರು, ಅವತ್ತಿನ ಖರ್ಚು ಪೂರ್ತಿ ನೀರುಪಾಲು. ಆಮೇಲೆ ವ್ಯೂಗಳನ್ನ ವೀಡಿಯೋ ಥರ ಓಡ್ಸಿದೆ. ಎಡದಿಂದ ಬಲಕ್ಕೆ ಪರ್ವಾಗಿಲ್ಲ, ಮೇಲಿಂದ ಕೆಳಕ್ಕೆ ಓಡ್ಸಿದ್ರೆ ಸರದ ಮಣಿಗಳು ಮಿಣಮಿಣ ಅಂತ ನಡುಗ್ತಿದ್ವು, ಎಲ್ರೂ ಅಲ್ಲೇ ಮಾರ್ಕ್ಸ್ ಕಡಿದ್ರು. ಕಾರಣ ಸ್ಕ್ಯಾನ್ ಆರ್ಡರ್: ಎಚ್‌ಇವಿಸಿ ಅನ್ನೋ ವೀಡಿಯೋ ಹಿಂಡೋ ವಿಧಾನಕ್ಕೆ ವ್ಯೂಗಳನ್ನ ನೇಗಿಲು ಹೊಡೆದಂಗೆ ಹೋಗ್ತಾ ಬರ್ತಾ ಸಾಲಾಗಿ ಕೊಟ್ಟಿದ್ದೆ, ಅಡ್ಡ ಪಕ್ಕದವು ಕೋಡಿಂಗ್‌ನಲ್ಲೂ ಪಕ್ಕಪಕ್ಕ, ಆದ್ರೆ ಮೇಲೆ ಕೆಳಗಿನ ವ್ಯೂಗಳು ಬಹುಪಾಲು ಎಷ್ಟೋ ಫ್ರೇಮ್ ದೂರ, ಹಾಗಾಗಿ ಒಂದೊಂದು ಒಂದೊಂದು ಥರ ಕೆಡುತ್ತೆ. ಸರಾಸರಿ ಪಿಎಸ್‌ಎನ್‌ಆರ್‌ಗೆ ಇದು ಕಾಣೋದೇ ಇಲ್ಲ, ಅದು ಒಂದೊಂದು ವ್ಯೂನ ಬೇರೆ ಬೇರೆ ಅಳೆಯುತ್ತೆ.

ಹಾಗಾಗಿ ಲಂಬದ ಇಪಿಐ (ಮೇಲಿಂದ ಕೆಳಗಿನ ವ್ಯೂಗಳಿಂದ ಒಂದೇ ಜಾಗದ ಪಿಕ್ಸೆಲ್ ಪಟ್ಟಿ ತೆಗ್ದು ಪಕ್ಕಪಕ್ಕ ಜೋಡಿಸಿದ ಚಿತ್ರ, ವ್ಯೂಗಳು ಹೊಂದಿದ್ರೆ ಅದ್ರಲ್ಲಿ ಗೆರೆಗಳು ನೇರ ಇರುತ್ತೆ) ತೆಗ್ದು ಗೆರೆಗಳು ಎಲ್ಲಿ ಮುರಿದಿವೆ ಅಂತ ಲೆಕ್ಕ ಹಾಕಿ, ಅಡ್ಡದ್ದರ ಜೊತೆ ಸೇರ್ಸಿ ಒಂದು ಸ್ಕೋರ್ ಮಾಡ್ದೆ. ಜನರ ಮಾರ್ಕ್ಸ್ ಜೊತೆ ಪಿಎಸ್‌ಎನ್‌ಆರ್ ಕೋರಿಲೇಶನ್ (ಹೊಂದಾಣಿಕೆ, 1 ಅಂದ್ರೆ ಪೂರ್ತಿ) 0.6 ಆಸುಪಾಸು ಇದ್ರೆ ನಂದು 0.9ರ ಹತ್ರ, ಬೇಡ ಅಂದೋರೇ ಈಗ ಕೋಡ್ ಕೇಳ್ತಿದಾರೆ. ಲಂಬಕ್ಕೆ ಎಷ್ಟು ತೂಕ ಕೊಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ನಡುವೆ ಮೂಡಿಗೆರೆ ಕಡೆ ತೋಟದಲ್ಲಿ ಕಾಫಿ ಹಣ್ಣಿನ ಗೊಂಚಲು ತೆಗ್ದು ರೀಫೋಕಸ್ ಮಾಡಿ (ತೆಗೆದ ಮೇಲೆ ಫೋಕಸ್ ಬದಲಾಯ್ಸಿ) ತೋರ್ಸಿ ನೋಡ್ದೆ. ಎಷ್ಟು ಹಿಂಡಿದ್ರೂ ಹಣ್ಣು ನುಣುಪಾಗೇ ಕಾಣುತ್ತೆ, ಯಾಕಂದ್ರೆ ವ್ಯೂಗಳನ್ನ ಸರಿಸಿ ಕೂಡಿಸುವಾಗ ಕಂಪ್ರೆಶನ್ ಗಲೀಜು ಸರಾಸರಿಯಲ್ಲೇ ಕರಗಿಹೋಗುತ್ತೆ. ರೀಫೋಕಸ್ ಚಿತ್ರ ಮಾತ್ರ ತೋರ್ಸಿ ನಮ್ ಕೋಡೆಕ್ (ಹಿಂಡಿ ಬಿಡಿಸೋ ಸಾಫ್ಟ್‌ವೇರ್) ಸೂಪರ್ ಅನ್ನೋರನ್ನ ನಂಬ್ಬೇಡಿ, ವ್ಯೂ ಓಡ್ಸಿ ತೋರ್ಸಿ ಅನ್ನಿ, ಅದೂ ಮೇಲಿಂದ ಕೆಳಕ್ಕೆ.