ಹನ್ನೆರಡು ಕೊಡದ ಲೆಕ್ಕ

ದೆಹಲಿಯಲ್ಲಿ ಬಯೋಮೆಡಿಕಲ್ ಸೈನ್ಸ್ ಆನರ್ಸ್‌ಗೆ ಸೇರುವಾಗ ಅನಾಟಮಿ, ಫಿಸಿಯಾಲಜಿ ಎಂದರೆ ಬಾಯಿಪಾಠ ಎಂದುಕೊಂಡಿದ್ದೆ. ಪಿಯುಸಿ ಹಾಗೇ ದಾಟಿತ್ತು. ಇಲ್ಲಿ ಕ್ಲಾಸಿನಲ್ಲಿದ್ದವರೆಲ್ಲ ಅವರವರ ಊರಿನ ಟಾಪರ್‌ಗಳು, ಬಾಯಿಪಾಠ ಎಲ್ಲರಿಗೂ ಬರುತ್ತಿತ್ತು. ಮೊದಲ ಟೆಸ್ಟಿನಲ್ಲೇ ಒಂದು ಪ್ರಶ್ನೆ ಮುಳುಗಿಸಿತು: ಬಿಸಿಲಲ್ಲಿ ನೀರು ಕುಡಿಯದೆ ನಡೆದವನ ಮೂತ್ರ ಗಟ್ಟಿಯಾಗುವುದು ಹೇಗೆ? ಕಿಡ್ನಿಯೊಳಗಿನ ಸೋಸುವ ಪುಟ್ಟ ಕೊಳವೆಯಾದ ನೆಫ್ರಾನಿನ ಭಾಗಗಳ ಹೆಸರೆಲ್ಲ ಸಾಲಾಗಿ ಬರೆದೆ. ಉತ್ತರ ಬರೆಯಲಿಲ್ಲ.

ಅವತ್ತು ರಾತ್ರಿ ಪುಸ್ತಕ ಮುಚ್ಚಿ ಲೆಕ್ಕಕ್ಕೆ ಕೂತೆ. ಎರಡೂ ಕಿಡ್ನಿ ಸೇರಿ ರಕ್ತದಿಂದ ನಿಮಿಷಕ್ಕೆ ಸುಮಾರು 125 ಮಿಲಿ ದ್ರವ ಸೋಸುತ್ತವೆ. ದಿನಕ್ಕೆ 180 ಲೀಟರ್. ಅಮ್ಮ ಬಾವಿಯಿಂದ ತರುವ 15 ಲೀಟರಿನ ಕೊಡದಲ್ಲಿ ಹನ್ನೆರಡು ಕೊಡ! ಹೊರಗೆ ಹೋಗುವುದು ಮಾತ್ರ ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಅಲ್ಲಿಗೆ ಅರ್ಧ ಅಧ್ಯಾಯ ಬಿಡಿಸಿಕೊಂಡಿತು. ಹೆನ್ಲೆ ಕುಣಿಕೆ, ಅಂದರೆ ನೆಫ್ರಾನಿನ U ಆಕಾರದ ಭಾಗ, ಕಿಡ್ನಿಯ ಒಳಗೊಳಗೆ ಇಳಿದಂತೆ ಸುತ್ತಲಿನ ಉಪ್ಪಂಶ ಏರುತ್ತದೆ, 300ರಿಂದ 1200 ಮಿಲಿಆಸ್ಮೋಲ್‌ವರೆಗೆ (ನೀರಿನಲ್ಲಿ ಕರಗಿದ ಕಣಗಳ ಅಳತೆ ಅದು). ನೀರು ಕಮ್ಮಿಯಾದಾಗ ಎಡಿಎಚ್ ಎಂಬ ಹಾರ್ಮೋನು ಕೊನೆಯ ನಾಳದಲ್ಲಿ ನೀರಿನ ಬಾಗಿಲು ತೆರೆಯುತ್ತದೆ. ಉಪ್ಪಿನ ಕಡೆಗೆ ನೀರು ತಾನಾಗಿ ಓಡುತ್ತದೆ, ನಾಳದಲ್ಲಿ ಉಳಿದ ಮೂತ್ರ ಗಟ್ಟಿಯಾಗುತ್ತದೆ. ಉಪ್ಪಲ್ಲಿ ಹಾಕಿಟ್ಟ ಮಾವಿನ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುವುದಿಲ್ವಾ, ಅದೇ ಕತೆ. ವರ್ಷಾ ವರ್ಷ ಕಣ್ಣೆದುರೇ ನಡೆದದ್ದು!

ಆಮೇಲೆ ಇದೇ ಅಭ್ಯಾಸವಾಯಿತು. ಪುಸ್ತಕ ನೋಡದೆ ಖಾಲಿ ಹಾಳೆಯಲ್ಲಿ ಚಿತ್ರ ಬಿಡಿಸುವುದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬುವುದು, ಮಾರನೇ ದಿನ ಮತ್ತೆ ಬಿಡಿಸುವುದು. ಹೃದಯದ ಒಂದು ಬಡಿತದ 0.8 ಸೆಕೆಂಡಿನ ಗ್ರಾಫ್ ಅಂತೂ ಹನ್ನೊಂದು ಸಲ ಬಿಡಿಸಿದ್ದೇನೆ. ರೂಮ್‌ಮೇಟ್ ಎಕನಾಮಿಕ್ಸ್‌ನವನು. ಅವನಿಗೆ ಅರ್ಥವಾದ ಮೇಲೆಯೇ ಮುಂದಿನ ಪಾಠ. ಪಾಪ, ಅವನಿಗೆ ಈಗಲೂ ಹೆನ್ಲೆ ಕುಣಿಕೆ ಗೊತ್ತು.

ಅನಾಟಮಿಯಲ್ಲಿ ಈ ಉಪಾಯ ಅಷ್ಟು ನಡೆಯಲಿಲ್ಲ. ಹೆಸರು ಕಲಿಯಲೇಬೇಕು. ಆದರೆ ಹೆಸರಿನ ಅರ್ಥ ಹುಡುಕಿದರೆ ಸುಲಭ. ಮಣಿಕಟ್ಟಿನ 8 ಮೂಳೆಗಳಲ್ಲಿ ಸ್ಕೇಫಾಯ್ಡ್ ಎಂದರೆ ದೋಣಿ, ಲೂನೇಟ್ ಚಂದ್ರ, ಪಿಸಿಫಾರ್ಮ್ ಬಟಾಣಿ. ಕಿರುಬೆರಳ ಕಡೆ, ಅಂಗೈ ಬುಡದಲ್ಲಿ ಒತ್ತಿದರೆ ಆ ಬಟಾಣಿ ಕೈಗೇ ಸಿಗುತ್ತದೆ. ಮೆಟ್ರೋದಲ್ಲಿ ಕೂತು ಸುಮ್ನೆ ಒತ್ತಿಕೊಳ್ಳುತ್ತಾ ಹೆಸರು ಗೊಣಗುತ್ತಿದ್ದೆ. ಒಂದು ದಿನ ಪಕ್ಕದ ಆಂಟಿ ಬ್ಯಾಗಿನಿಂದ ನೋವಿನ ಮುಲಾಮು ತೆಗೆದು ಕೊಟ್ಟರು.