ನಾಯಿಯ ಚರ್ಮದಿಂದ ಕಾಂಡಕೋಶ: ಪುಣೆಯ ಲ್ಯಾಬುಗಳಲ್ಲಿರುವ ಕನ್ನಡದ ಗೆಳೆಯರಿಗೆ

ನಾಯಿಯ ಚರ್ಮಕೋಶವನ್ನು ಕಾಂಡಕೋಶವಾಗಿ, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಕೋಶವಾಗಿ, ಬದಲಿಸುವ ವಿಧಾನ ಇದು. ಪ್ರಾಣಿ ನೈತಿಕ ಸಮಿತಿ, ಜೈವಿಕ ಸುರಕ್ಷತಾ ಸಮಿತಿ ಎರಡರ ಒಪ್ಪಿಗೆಯೂ ಮೊದಲೇ ಕೈಯಲ್ಲಿರಲಿ. ಅರಿವಳಿಕೆ ಕೊಟ್ಟು ಪಶುವೈದ್ಯರು ತೆಗೆದ 4–6 ಮಿ.ಮೀ. ಚರ್ಮದ ಚೂರು ಸಾಕು. ಸಣ್ಣಗೆ ಹೆಚ್ಚಿ, 10% ಸೀರಂ ಸೇರಿಸಿದ ಡಿಎಂಇಎಂ ಎಂಬ ಪೋಷಕ ದ್ರವದಲ್ಲಿ, 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್‌ನಲ್ಲಿ ಬೆಳೆಸಿ. ಐದನೇ ಪ್ಯಾಸೇಜ್ (ಕೋಶಗಳನ್ನು ಬಿಡಿಸಿ ಹೊಸ ತಟ್ಟೆಗೆ ಹಾಕುವುದು) ದಾಟುವ ಮುನ್ನ ಬಳಸಿಬಿಡಿ. ಮುದಿಯಾದ ಫೈಬ್ರೊಬ್ಲಾಸ್ಟ್‌ಗಳು (ಹೀಗೆ ಬೆಳೆದ ಚರ್ಮದ ಕೋಶಗಳು) ಸುಲಭಕ್ಕೆ ಕಾಂಡಕೋಶವಾಗಿ ಬದಲಾಗುವುದಿಲ್ಲ.

2006ರಲ್ಲಿ ಜಪಾನಿನ ವಿಜ್ಞಾನಿಗಳಾದ ತಕಹಾಶಿ, ಯಮನಾಕ ಇಲಿಕೋಶವನ್ನು ಕಾಂಡಕೋಶವಾಗಿಸಲು ಬಳಸಿದ ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್ ಜೀನುಗಳನ್ನೇ ವೈರಸ್ ಮೂಲಕ ಸೇರಿಸಿ. ಕೆಲ ದಿನಗಳ ನಂತರ ಕೋಶಗಳನ್ನು ಫೀಡರ್ ಪದರದ (ಅವಕ್ಕೆ ಆಸರೆ, ಪೋಷಣೆ ಕೊಡುವ ಬೇರೆ ಕೋಶಗಳ ಹಾಸು) ಮೇಲೆ ಹಾಕಿ. ನಾಯಿಯ ಕೋಶಕ್ಕೆ ಸಾಮಾನ್ಯವಾಗಿ ಲಿಫ್, ಬಿಎಫ್‌ಜಿಎಫ್ ಎಂಬ ಪ್ರೋಟೀನ್‌ಗಳೆರಡನ್ನೂ ಕೊಡುತ್ತಾರೆ. ಒಂದನ್ನು ಬಿಟ್ಟರೆ ಕಾಲೊನಿ (ಕೋಶಗಳ ಗುಂಪು) ಬೇಗ ಚದುರಿ ಬೇರೆ ಕೋಶಗಳಾಗಬಹುದು. 2–4 ವಾರಗಳಲ್ಲಿ ಒತ್ತೊತ್ತಾದ, ಅಂಚು ಸ್ಪಷ್ಟವಾದ ಕಾಲೊನಿಗಳು ಕಾಣುತ್ತವೆ. ಕೈಯಿಂದಲೇ ಆರಿಸಿ, ಮೊದಲ ದಿನ ಕೋಶಗಳು ಸಾಯದಂತೆ 10 ಮೈಕ್ರೋಮೋಲಾರ್ ರಾಕ್ ಇನ್ಹಿಬಿಟರ್ ಎಂಬ ರಾಸಾಯನಿಕ ಹಾಕಿ.

ಇಲ್ಲಿನ ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು. ಇನ್‌ಕ್ಯುಬೇಟರಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಿ. ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು, ಪತ್ತೆಗೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಬೇಕೇ ಬೇಕು.

ಅಂದದ ಕಾಲೊನಿಗೆ ಮರುಳಾಗಬೇಡಿ. ವೈರಸ್ ಮೂಲಕ ಸೇರಿಸಿದ ಹೊರಗಿನ ಜೀನುಗಳು ಮೌನವಾಗದಿದ್ದರೆ, ಅಂದರೆ ಕೆಲಸ ನಿಲ್ಲಿಸದಿದ್ದರೆ, ಅದು ನರಕೋಶವಾಗಿಯೂ ಹೃದಯಕೋಶವಾಗಿಯೂ ಸರಿಯಾಗಿ ಬದಲಾಗದಿರಬಹುದು. ಕ್ರೋಮೋಸೋಮ್ ಎಣಿಸಿ: 78 ಇರಬೇಕು.